ಹೆಸರಿದೆ, ಆಳಿಲ್ಲ

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಳು. ಬಿಇ ಮೊದಲ ಸೆಮಿಸ್ಟರ್. "ಅಣ್ಣಾ, ನಾಳೆ ಸಿ ಲ್ಯಾಬು. ಎಸ್‌ಕ್ಯೂಆರ್‌ಟಿ ಒಳಗೆ 16 ಅಂತ ಬರೆದ್ರೆ ಓಡುತ್ತೆ, ವೇರಿಯಬಲ್ ಹಾಕಿದ್ರೆ ಬಯ್ಯುತ್ತೆ. ಇದು ನನ್ನ ತಲೆಗೆ ಹತ್ತಲ್ಲ ಅನ್ಸುತ್ತೆ. ಬೇರೆ ಬ್ರಾಂಚ್‌ಗೆ ಹೋಗ್ಬಿಡ್ಲಾ?" ಕೊನೆ ಮಾತಿಗೆ ಬರುವಷ್ಟರಲ್ಲಿ ದನಿ ನಡುಗುತ್ತಿತ್ತು.

ಸ್ಕ್ರೀನ್ ಫೋಟೊ ತರಿಸಿಕೊಂಡೆ. ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕ. ಕೋಡ್‌ನಲ್ಲಿ ಒಂದು ಸೆಮಿಕೋಲನ್ನೂ ತಪ್ಪಿಲ್ಲ, ಮ್ಯಾಥ್ ಹೆಡರ್ ಫೈಲನ್ನೂ ಸೇರಿಸಿದ್ದಾಳೆ. ಕೆಳಗೆ ಒಂದೇ ಸಾಲು: 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ'.

ನನಗೆ ನನ್ನ ಮೊದಲ ಲ್ಯಾಬು ನೆನಪಾಯಿತು. ಟರ್ಬೊ ಸಿ, ನೀಲಿ ಪರದೆ. ಪ್ರಿಂಟ್‌ಎಫ್ ಬರೆಯುವಾಗ ಎನ್, ಟಿ ಅದಲುಬದಲಾಗಿತ್ತು. ಎರರ್‌ನಲ್ಲಿ ಆ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಬೇರೆ. ನಾನು ಟೈಪೇ ಮಾಡಿರದ ಅಂಡರ್‌ಸ್ಕೋರನ್ನು ಅರ್ಧ ಗಂಟೆ ಹುಡುಕಿದ್ದೆ. ಕನ್ನಡ ಮೀಡಿಯಂನಿಂದ ಬಂದವನು, ಕೇಳೋಕೂ ನಾಚಿಕೆ. ಅದು ಹಳೇ ಯುನಿಕ್ಸ್ ಕಾಲದ ರೂಢಿ, ಸಿ ಹೆಸರುಗಳು ಅಸೆಂಬ್ಲಿ ಹೆಸರುಗಳಿಗೆ ಡಿಕ್ಕಿ ಹೊಡೆಯದಿರಲಿ ಅಂತ ಕಂಪೈಲರೇ ಅಂಟಿಸುತ್ತಿದ್ದದ್ದು ಎಂದು ಗೊತ್ತಾಗುವ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದ್ದೆ.

ತಂಗಿಗೆ ನಮ್ಮೂರಿನ ನಾಟಿ ನೆನಪಿಸಿದೆ. ಹಿಂದಿನ ರಾತ್ರಿ ಅಪ್ಪ ಮುಯ್ಯಾಳುಗಳ ಹೆಸರು ಹೇಳಿ ಲೆಕ್ಕ ಹಾಕುತ್ತಿದ್ದರು. ಹೆಸರು ಹೇಳಿದ ಮಾತ್ರಕ್ಕೆ ಪೈರು ನೆಟ್ಟ ಹಾಗಾಗಲ್ಲ. ಬೆಳಗ್ಗೆ ಬದುವಿನ ಮೇಲೆ ನಿಂತು ಯಾರು ಬಂದರು, ಯಾರು ಬಂದಿಲ್ಲ ಅಂತ ನೋಡಬೇಕು. ಹೆಡರ್ ಫೈಲ್ ಅಂದರೆ ರಾತ್ರಿಯ ಆ ಹೆಸರುಗಳು. ಕಂಪೈಲರ್ ಅದನ್ನು ನಂಬಿ ಮುಂದೆ ಹೋಗುತ್ತದೆ. ಬೆಳಗ್ಗೆ ಬದುವಿನ ಮೇಲೆ ನಿಲ್ಲುವವನೇ ಲಿಂಕರ್. ಹೆಸರಿದ್ದು ಆಳು ಬಾರದಿದ್ದರೆ 'ಅನ್‌ಡಿಫೈನ್ಡ್'. ಒಂದೇ ಹೆಸರಿನ ಇಬ್ಬರು ಬಂದು ನಿಂತರೆ 'ಮಲ್ಟಿಪಲ್ ಡೆಫಿನಿಷನ್'.

ಈ ಹಾಜರಿ ಹಾಕುವ ಕೆಲಸ ಸಿ ಭಾಷೆಗಿಂತ ಎರಡು ದಶಕ ಹಳೆಯದು. 1949ರ ಮೇ ತಿಂಗಳಲ್ಲಿ ಕೇಂಬ್ರಿಡ್ಜ್‌ನಲ್ಲಿ ಎಡ್ಸ್ಯಾಕ್ ಎಂಬ ಕಂಪ್ಯೂಟರ್ ಓಡಲು ಶುರುಮಾಡಿತು. ಅದನ್ನು ಕಟ್ಟಿಸಿದ ಮಾರಿಸ್ ವಿಲ್ಕ್ಸ್ ಆಮೇಲೆ ಸ್ವತಃ ಒಂದು ಪ್ರೋಗ್ರಾಂ ಬರೆದರು. ಅದರಲ್ಲಿದ್ದದ್ದು 126 ಆದೇಶ, ತಪ್ಪುಗಳು ಸುಮಾರು 20! ಇನ್ನು ಮುಂದೆ ಬದುಕಿನ ದೊಡ್ಡ ಪಾಲು ತನ್ನದೇ ತಪ್ಪು ಹುಡುಕುವುದರಲ್ಲೇ ಕಳೆಯುತ್ತದೆ ಎಂಬುದು ಆಗಲೇ ಹೊಳೆಯಿತು ಎಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಒಮ್ಮೆ ಸರಿಯಾಗಿ ಬರೆದು ಪರೀಕ್ಷಿಸಿದ ತುಣುಕನ್ನು ಎಲ್ಲರೂ ಬಳಸುವಂತಿದ್ದರೆ? ಆ ಕೆಲಸ ಡೇವಿಡ್ ವೀಲರ್ ಎಂಬ 22ರ ವಿದ್ಯಾರ್ಥಿಯ ಪಾಲಿಗೆ ಬಂತು.

ತುಣುಕುಗಳು ಕಾಗದದ ಪಟ್ಟಿಯ ಮೇಲಿನ ತೂತುಗಳಾಗಿ ಬೀರುವಿನಲ್ಲಿರುತ್ತಿದ್ದವು. ಬೇಕಾದ ಪಟ್ಟಿಯನ್ನು ನಿಮ್ಮ ಪಟ್ಟಿಗೆ ನಕಲು ಮಾಡಿಕೊಳ್ಳಬೇಕು. ತೊಡಕಿದ್ದದ್ದು ವಿಳಾಸದಲ್ಲಿ. ಪ್ರತಿ ತುಣುಕೂ ತಾನು ಸೊನ್ನೆಯಿಂದ ಶುರುವಾಗುತ್ತೇನೆ ಅಂದುಕೊಂಡಿರುತ್ತದೆ. ನಿಮ್ಮ ಪ್ರೋಗ್ರಾಂನಲ್ಲಿ ಅದು ಕೂರುವುದು ಇನ್ನೆಲ್ಲೋ. ಒಳಗೆ ಬರುವಾಗಲೇ ಆ ವಿಳಾಸಗಳನ್ನು ತಿದ್ದಿಕೊಳ್ಳುವ ಉಪಾಯವನ್ನು ವೀಲರ್ ಬರೀ 41 ಆದೇಶಗಳಲ್ಲಿ ಅಡಗಿಸಿದರು. 1951ರ ಹೊತ್ತಿಗೆ ಆ ಬೀರುವಿನಲ್ಲಿ 87 ತುಣುಕುಗಳಿದ್ದವು. ಇವತ್ತು ನಾವು 'ಲೈಬ್ರರಿ' ಅನ್ನುವ ಪದ್ಧತಿಯ ಬೇರು ಅಲ್ಲಿದೆ.

ಅತ್ತ ಅಮೆರಿಕದಲ್ಲಿ ಗ್ರೇಸ್ ಹಾಪರ್ ಮತ್ತು ಗೆಳೆಯರು ಇಂಥ ತುಣುಕುಗಳನ್ನು ನೋಟ್‌ಬುಕ್‌ನಿಂದ ನೋಟ್‌ಬುಕ್‌ಗೆ ಕೈಯಲ್ಲೇ ನಕಲು ಮಾಡುತ್ತಿದ್ದರು. ವಿಳಾಸ ಕೂಡುವಾಗ ತಪ್ಪು, ಅಕ್ಷರ ಓದುವಾಗ ತಪ್ಪು. 1952ರ ಹೊತ್ತಿಗೆ ಹಾಪರ್ ಯುನಿವ್ಯಾಕ್ ಯಂತ್ರಕ್ಕೆ ಎ-0 ಎಂಬ ಪ್ರೋಗ್ರಾಂ ತಂದರು. ತುಣುಕಿನ ಸಂಖ್ಯೆ ಕೊಟ್ಟರೆ ಸಾಕು, ಯಂತ್ರವೇ ಟೇಪಿನಿಂದ ಹುಡುಕಿ, ವಿಳಾಸ ತಿದ್ದಿ ಜೋಡಿಸುತ್ತಿತ್ತು. ಅದನ್ನವರು 'ಕಂಪೈಲರ್' ಎಂದು ಕರೆದರು, ಅಂದರೆ ಸಂಗ್ರಹಿಸಿ ಜೋಡಿಸುವಂಥದ್ದು. ಅದು ಮಾಡುತ್ತಿದ್ದ ಕೆಲಸವನ್ನು ಇವತ್ತು ಹೆಚ್ಚಾಗಿ ಮಾಡುವುದು ಲಿಂಕರ್!

ಆ ಹಳೇ ದಿನಗಳ ಗುರುತು ಸಿ ಭಾಷೆಯ ಮೇಲೆ ಈಗಲೂ ಇದೆ. ಆಗಿನ ಕೆಲವು ಲಿಂಕರ್‌ಗಳು ಉದ್ದ ಹೆಸರು ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೇ 1989ರ ಸಿ ಸ್ಟ್ಯಾಂಡರ್ಡ್ ಕೂಡ ಫೈಲಿನಾಚೆಗೂ ಕಾಣಬೇಕಾದ ಹೆಸರಿನಲ್ಲಿ ಮೊದಲ 6 ಅಕ್ಷರಕ್ಕೆ ಮಾತ್ರ ಗ್ಯಾರಂಟಿ ಕೊಟ್ಟಿತ್ತು. 1999ರಲ್ಲಿ ಅದು 31ಕ್ಕೆ ಏರಿತು. ಪ್ರಿಂಟ್‌ಎಫ್, ಮ್ಯಾಲಾಕ್, ಎಸ್‌ಟಿಆರ್‌ಸಿಪಿವೈ: ಇಂಗ್ಲಿಷಿನಲ್ಲಿ ಎಣಿಸಿ ನೋಡಿ, ಎಲ್ಲವೂ ಆರೇ ಅಕ್ಷರ.

ತಂಗಿಯ ಸಮಸ್ಯೆಗೆ ಬರೋಣ. ಲಿನಕ್ಸ್‌ನಲ್ಲಿ ಗಣಿತದ ಲೈಬ್ರರಿ ಬೇರೆ ಫೈಲು. ಜಿಸಿಸಿಗೆ 'ಹೈಫನ್ ಎಲ್ ಎಂ' ಅಂತ ಹೇಳಿ ಕರೆಸಬೇಕು. ಅವಳು ಅದನ್ನೂ ಹಾಕಿ ನೋಡಿದ್ದಳು, ಆದರೆ ಫೈಲ್ ಹೆಸರಿಗಿಂತ ಮುಂಚೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಲೈಬ್ರರಿ ಮೊದಲು ಬಂದಾಗ 'ಯಾರು ಬೇಕು' ಎಂಬ ಪಟ್ಟಿ ಇನ್ನೂ ಖಾಲಿ, ಹಾಗಾಗಿ ಅದರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. "ಕೊನೆಗೆ ಹಾಕು" ಅಂದೆ. ಇನ್ನು 16ರ ಒಗಟು: ಸಂಖ್ಯೆ ಮೊದಲೇ ಗೊತ್ತಿದ್ದರೆ ಕಂಪೈಲರ್ ತಾನೇ ವರ್ಗಮೂಲ ಕಂಡುಹಿಡಿದು 4 ಎಂದು ಬರೆದುಬಿಡುತ್ತದೆ. ಆಗ ಎಸ್‌ಕ್ಯೂಆರ್‌ಟಿಯನ್ನು ಕರೆಯುವ ಮಾತೇ ಇಲ್ಲ.

"ಹಂಗಾದ್ರೆ ನನ್ನ ಕೋಡು ಸರಿ ಇತ್ತಾ?" ಅಂದಳು.

"ಮೊದಲಿಂದಲೂ ಸರಿ ಇತ್ತು ಕಣವ್ವ. 126 ಆದೇಶಕ್ಕೆ 20 ತಪ್ಪು ಮಾಡಿದವರು ಕಂಪ್ಯೂಟರ್ ಕಟ್ಟಿದ್ರು. ನೀನು ಒಂದು ಹೆಸರು ಕರೆಯೋ ಜಾಗ ತಪ್ಪಿದೀಯ, ಅಷ್ಟೇ."

ಮಾರನೇ ದಿನ ಲ್ಯಾಬಿನಿಂದ ಮೆಸೇಜ್ ಬಂತು. ಪಕ್ಕದ ಸಿಸ್ಟಮ್‌ನ ಹುಡುಗಿಗೂ ಅದೇ ಎರರ್ ಬಂದಿತ್ತಂತೆ. ಇವಳೇ ಸರಿ ಮಾಡಿಕೊಟ್ಟಳಂತೆ. ಬ್ರಾಂಚಿನ ವಿಷಯ ಮತ್ತೆ ಎತ್ತಿಲ್ಲ.