ಶಿವಗಂಗೆಯಲ್ಲಿ ಮುಡಿಪಿದ ರಾಣಿ

ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟರೆ ದಾಬಸ್‌ಪೇಟೆಯ ಬಳಿ ಶಿವಗಂಗೆ ಬೆಟ್ಟ ಎದುರಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ, ತನಗೆ ಮಕ್ಕಳಾಗಲಿಲ್ಲ, ಗಂಡ ಇನ್ನೊಂದು ಮದುವೆಯಾಗಲಿ ಎಂದು ಇದರ ತುದಿಯಿಂದ ಹಾರಿಕೊಂಡಳು ಎಂಬ ಕತೆ ಬೆಟ್ಟ ಹತ್ತಿದವರೆಲ್ಲರ ಕಿವಿಗೂ ಬಿದ್ದಿರುತ್ತದೆ. ಈ ಕತೆ ಶಾಸನದ ಎದುರು ನಿಲ್ಲುವುದಿಲ್ಲ. ಶ್ರವಣಬೆಳಗೊಳದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಬಸದಿಯ ಹೆಸರೇ ಸವತಿಗಂಧವಾರಣ. ಸವತಿಯರ ಪಾಲಿಗೆ ಮದಗಜ ಎಂಬ ಅವಳದೇ ಬಿರುದು ಅದು. ಸಾಯುವುದಕ್ಕೆ ಎಂಟು ವರ್ಷ ಮೊದಲೇ ಬಿರುದಿನಲ್ಲಿ ಸವತಿಯರಿದ್ದರು. ಅರಸ ಮತ್ತೊಬ್ಬಳನ್ನು ತರಲು ಪಟ್ಟದರಸಿ ಪ್ರಾಣ ಬಿಡಬೇಕಾಗಿರಲಿಲ್ಲ.

ಬೆಳಗೊಳದ ಚಿಕ್ಕಬೆಟ್ಟದ ಶಾಸನ 1131ರ ಚೈತ್ರದಲ್ಲಿ ಆಕೆ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳು, ಅಂದರೆ ತೀರಿಕೊಂಡಳು, ಎನ್ನುತ್ತದೆ. ಮುಡಿಪು ಎಂಬ ಮಾತು ವ್ರತದ ಸಾವಿಗೂ ಸಲ್ಲುತ್ತದೆ, ಹಾಗಾಗಿ ಇದು ತಾನಾಗಿ ಬಯಸಿದ ಸಾವೇ ಎಂದು ಕೆಲವರು ವಾದಿಸಬಹುದು. ಆದರೆ ಉಪವಾಸವಿದ್ದು ಪ್ರಾಣ ಬಿಡುವ ಜೈನ ವ್ರತವಾದ ಸಲ್ಲೇಖನವನ್ನು ಮುಚ್ಚಿಡುವ ಕಾಲ ಅದಲ್ಲ. ಅದೇ ಶಾಸನ ತಾಯಿ ಮಾಚಿಕಬ್ಬೆಯ ವ್ರತವನ್ನು ಕಣ್ಣಾರೆ ಕಂಡಂತೆ ಬಿಡಿಸಿಡುತ್ತದೆ: ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದಳು, ಒಂದು ತಿಂಗಳು ಉಪವಾಸವಿದ್ದಳು, ಅರೆಮುಚ್ಚಿದ ಕಣ್ಣಲ್ಲಿ ಪಂಚಪದ ಜಪಿಸಿದಳು, ಬಂಧುಗಳನ್ನು ಬೀಳ್ಕೊಟ್ಟಳು. ತಾಯಿಯ ಉಪವಾಸವನ್ನು ಇಷ್ಟು ಹೆಮ್ಮೆಯಿಂದ ಬರೆದವರು ಮಗಳ ವ್ರತವನ್ನು ಬಿಟ್ಟುಬಿಡುತ್ತಿದ್ದರೇ? ಮನೆತನಕ್ಕೆ ಬೇಕಾದವರೇ ಬರೆಸಿದ ಶಾಸನ, ಅವಮಾನ ಮರೆಮಾಚಿರಬಹುದು ಎಂದರೆ, ಒಪ್ಪೋಣ. ಆದರೆ ಶಾಸನದ ಮೌನದಿಂದ ಬೆಟ್ಟದ ಕತೆಗೆ ಆಧಾರ ಸಿಕ್ಕಂತಾಗುವುದಿಲ್ಲ.

ಜೈನ ರಾಣಿ ಶೈವ ಕ್ಷೇತ್ರಕ್ಕೆ ಏಕೆ ಬಂದಳು ಎಂಬ ಪ್ರಶ್ನೆಗೆ ತವರೇ ಉತ್ತರವಿರಬಹುದು. ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಜಿನಭಕ್ತೆ. ಅಂಥ ಬಾಳುವೆ ಈ ಸೀಮೆಗೆ ಹೊಸದಲ್ಲ: ತುಮಕೂರಿನ ಪಕ್ಕದ ಕೈದಾಳದಲ್ಲಿ ಆ ಶತಮಾನದ ನಡುವಿನಲ್ಲಿ ಸಾಮಂತ ಬಾಚಿ ಶಿವ, ವಿಷ್ಣು ಗುಡಿಗಳ ಜೊತೆಗೆ ಬಸದಿಯನ್ನೂ ಕಟ್ಟಿಸಿದ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ ಇಂದಿಗೂ ಇದೆ. ಅದೇ ಕಾಲದಲ್ಲಿ ಹಂಗೇರಿಯ ರಾಜಕುಮಾರಿ ಪಿರೋಷ್ಕಾ ಬೈಜಾಂಟಿಯಮ್‌ನ ಚಕ್ರವರ್ತಿ ಎರಡನೆಯ ಜಾನ್‌ನ ಕೈಹಿಡಿದಾಗ ಐರೀನ್ ಎಂದು ಹೆಸರನ್ನೇ ಬದಲಿಸಿಕೊಳ್ಳಬೇಕಾಯಿತು. ಶಾಂತಲೆಯ ಕತೆ ಬೇರೆ: ಗಂಡ ವೈಷ್ಣವನಾದ. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದ ಆಕೆ ತಾಯಿಯ ಧರ್ಮವನ್ನು ಕೊನೆಯವರೆಗೂ ಬಿಡಲಿಲ್ಲ.