ಮರಳಿ ಬರುವ ಸೀಸೆ

ಸೋಡಾ ಕುಡಿದವನು ಕಾಸು ಕೊಡುವುದು ಒಳಗಿನ ನೀರಿಗೆ, ಸೀಸೆ ಅಂಗಡಿಯದು. ಆದರೆ ಒಬ್ಬನ ಬಾಯಿ ಸೋಕಿದ ಸೀಸೆ ಮತ್ತೊಬ್ಬನ ಕೈ ಸೇರಬೇಕಾದರೆ, ನಡುವೆ ಅದನ್ನು ತೊಳೆಯುವವರಿರಬೇಕು. ಚರಿತ್ರೆ ಸೀಸೆ ರೂಪಿಸಿದವರ ಹೆಸರನ್ನು ಉಳಿಸಿಕೊಂಡಿದೆ, ತೊಳೆದವರದನ್ನಲ್ಲ. ಆದರೂ ಸೀಸೆಯ ಭಾಗ್ಯವನ್ನು ನಿರ್ಣಯಿಸಿದ್ದರಲ್ಲಿ ತೊಳೆಯುವ ಕೆಲಸಕ್ಕೂ ಪಾಲಿದೆ.

ನಮಗೆ ಚಿರಪರಿಚಿತವಾದ ಗೋಲಿ ಸೋಡಾದ ಸೀಸೆಯನ್ನೇ ನೋಡೋಣ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಇದಕ್ಕೆ ಪೇಟೆಂಟು ಪಡೆದ. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೊತ್ತಿ ಕೊರಳಿನ ರಬ್ಬರು ಬಳೆಗೆ ಬಿಗಿಯುತ್ತದೆ. ಸೊಗಸಾದ ಯುಕ್ತಿಯೇ ಸರಿ. ಆದರೆ ಕುಂಚ ಒಳಗಿಳಿಯಲು ಆ ಗೋಲಿ, ಆ ಇಕ್ಕಟ್ಟಾದ ಕೊರಳುಗಳೇ ಅಡ್ಡಿ. 1892ರಲ್ಲಿ ಅಮೆರಿಕದ ವಿಲಿಯಮ್ ಪೇಂಟರ್ ಅಂಚು ನಿರಿಗೆಯ ತಗಡಿನ ಮುಚ್ಚಳಕ್ಕೆ ಪೇಟೆಂಟು ಪಡೆದ. ಮುಚ್ಚಳ ಕಿತ್ತರೆ ಸೀಸೆಯ ಬಾಯಿ ನಿರಾತಂಕವಾಗಿ ತೆರೆಯಿತು. 1903ರ ಸುಮಾರಿಗೆ ಮೈಕೆಲ್ ಓವೆನ್ಸ್‌ನ ಯಂತ್ರ ಸೀಸೆಗಳನ್ನು ಒಂದೇ ಅಳತೆಯಲ್ಲಿ ಹೊರತಂದಿತು. ಅಳತೆ ಒಂದಾದ ಮೇಲೆ ಅವುಗಳನ್ನು ಸಾಲುಸಾಲಾಗಿ ಯಂತ್ರಕ್ಕೆ ಒಪ್ಪಿಸುವುದು ಸುಲಭವಾಯಿತು.

ಆ ಯಂತ್ರದ ಒಳಗಿನ ಕ್ರಮ ನಮ್ಮ ಅಗಸರ ಉಬ್ಬೆಯನ್ನು ನೆನಪಿಗೆ ತರುವಂಥದು. ಮೊದಲು ಉಗುರು ಬೆಚ್ಚಗಿನ ನೀರು. ಬಳಿಕ ನೂರಕ್ಕೆ 2ರಷ್ಟು ಕಾಸ್ಟಿಕ್ ಸೋಡಾ ಬೆರೆತ, 60ರಿಂದ 80 ಡಿಗ್ರಿ ಸೆಲ್ಸಿಯಸ್ ಕಾವಿನ ಮಡು. ಈ ಕ್ಷಾರ ಜಿಡ್ಡನ್ನು ಸಾಬೂನಾಗಿಸುತ್ತದೆ, ಚೀಟಿಯ ಅಂಟನ್ನು ಸಡಿಲಿಸುತ್ತದೆ, ಬೂಷ್ಟನ್ನು ಕೊಲ್ಲುತ್ತದೆ. ಕಾಯಿಸುವುದೂ ತಣಿಸುವುದೂ ಹಂತಹಂತವಾಗಿಯೇ ಆಗಬೇಕು. ಆತುರಪಟ್ಟರೆ ಗಾಜು ಸೀಳುತ್ತದೆ. ಕೊನೆಯ ಜಾಲಾಟಕ್ಕೆ ಕುಡಿಯುವ ನೀರೇ ಬೇಕು. ಸೀಸೆಗೆ ಫಿನಾಲ್ಫ್ಥಲೀನಿನ ಹನಿ ಬಿಟ್ಟಾಗ ಗುಲಾಬಿ ಬಣ್ಣ ಮೂಡಿತೋ, ಕ್ಷಾರ ಇನ್ನೂ ಉಳಿದಿದೆ ಎಂದೇ ಅರ್ಥ.

ಜರ್ಮನಿಯ ಖನಿಜ ಜಲದ ಉದ್ಯಮಿಗಳು 1969ರಲ್ಲಿ ಗ್ಯೂಂಟರ್ ಕುಪೆಟ್ಸ್ ರೂಪಿಸಿದ ಒಂದೇ ಮಾದರಿಯ ಸೀಸೆಯನ್ನು ಸಮಾನವಾಗಿ ಬಳಕೆಗೆ ತಂದರು. ಮೇಲೆ ಗುಳ್ಳೆಗಳಂಥ ಗಾಜಿನ ಮುತ್ತುಗಳು. ಯಾರ ಸೀಸೆ ಯಾರ ಬಳಿಗೆ ಬಂದರೂ ತೊಳೆದು ತುಂಬಬಹುದು. ಪೈಪೋಟಿಯ ವ್ಯಾಪಾರಿಗಳು ಪಾತ್ರೆಯ ವಿಷಯದಲ್ಲಿ ನೆರೆಹೊರೆಯವರಾದರು. ಇಂಥ ಗಾಜಿನ ಸೀಸೆ 40–50 ಬಾರಿ ತಿರುಗಬಲ್ಲದು.

ತೊಳೆಯಲು ನೀರು ಬೇಕು, ಕಾಯಿಸಲು ಉರಿ ಬೇಕು, ಖಾಲಿ ಸೀಸೆ ಹೊತ್ತು ತರಲು ಬಂಡಿ ಬೇಕು. ದಾರಿ ದೂರವಾದಷ್ಟೂ ಲಾಭ ಕರಗುತ್ತದೆ, ನಿಜ. ಆದರೆ ಬಿಸಾಡುವ ಬಾಟಲಿಯ ವೆಚ್ಚ ಅಂಗಡಿಯ ಲೆಕ್ಕದಿಂದ ಜಾರಿ ಊರಿನ ಚರಂಡಿಗೆ, ಕೆರೆಗೆ ವರ್ಗವಾಗುತ್ತದೆ. ಹಿಂದಿರುಗುವ ಸೀಸೆ ತನ್ನ ಕೊಳೆಯ ಹೊಣೆಯನ್ನು ತಾನೇ ಹೊತ್ತು ಬರುತ್ತದೆ. ನಾಗರಿಕತೆಯ ಅಳತೆಗೋಲುಗಳಲ್ಲಿ ಇದೂ ಒಂದಲ್ಲವೇ?