ಮೊಲ ಮುಗಿಲಿಗೆ ಹೋಗಿದೆಯೇ, ನೋಡೋಣ

1925ರ ಜುಲೈ ತಿಂಗಳು. ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಪುಟ್ಟ ಶಾಲೆಯಲ್ಲಿ ಮಕ್ಕಳು ಸಾಕಿದ್ದ ಮೊಲ ರಾತ್ರಿ ಸತ್ತುಹೋಗಿತ್ತು. ಹೊಟ್ಟೆ ಏರಿಳಿಯುತ್ತಿಲ್ಲ, ಆದ್ದರಿಂದ ಸತ್ತಿದೆ ಎಂದು ಅದನ್ನು ಮೊದಲು ಕಂಡ ಹುಡುಗ ಹೇಳಿದ. ನೀರಿಗೆ ಹಾಕಿದರೆ ಮತ್ತೆ ಜೀವ ಬರುತ್ತದಂತೆ, ಅಪ್ಪ ಹೇಳಿದ್ದಾರೆ ಎಂದ ಇನ್ನೊಬ್ಬ. ಶಿಕ್ಷಕಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹಾಕಿ ನೋಡೋಣವೇ ಎಂದು ಕೇಳಿದರು. ಮೊಲವನ್ನು ನೀರಿಗೆ ಬಿಟ್ಟರು. ತೇಲಿದರೆ ಸತ್ತಿದೆ, ಮುಳುಗಿದರೆ ಬದುಕಿದೆ ಎಂದು ಒಬ್ಬ ತೀರ್ಪು ಕೊಟ್ಟ. ಮೊಲ ತೇಲಿತು. ನೀರಿನ ಸುಳಿಗೆ ಸಿಕ್ಕಿ ಮೆಲ್ಲಗೆ ತಿರುಗತೊಡಗಿತು. ಅಲುಗಾಡುತ್ತಿದೆಯಲ್ಲ, ಹಾಗಾದರೆ ಬದುಕಿದೆ ಎಂದಿತು ಇನ್ನೊಂದು ದನಿ. ಆಗ ಶಿಕ್ಷಕಿ ಒಂದು ಸಣ್ಣ ಕಡ್ಡಿಯನ್ನು ನೀರಿಗೆ ಬಿಟ್ಟರು. ಅದೂ ತಿರುಗಿತು. ಕಡ್ಡಿಗೆ ಜೀವವಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದರು. ಆಮೇಲೆ ಮೊಲವನ್ನು ಹೂಳೋಣ ಎಂದವರು ಮಕ್ಕಳೇ.

ಮರುದಿನ ಅದನ್ನು ಅಗೆದು ನೋಡುವ ಮಾತು ಬಂತು. ಅಲ್ಲೇನಿದೆ, ಅದು ಮುಗಿಲಿಗೆ ಹೋಗಿಬಿಟ್ಟಿದೆ ಎಂದ ಒಬ್ಬ. ಅಗೆಯುತ್ತಿದ್ದವರು ಕೈಬಿಟ್ಟರು. ಶಿಕ್ಷಕಿ, ಇದೆಯೋ ಇಲ್ಲವೋ ನೋಡೇಬಿಡೋಣ ಎಂದು ತಾವೂ ಅಗೆಯಲು ನಿಂತರು. ಮೊಲ ಅಲ್ಲೇ ಇತ್ತು. ಮಕ್ಕಳು ಕುತೂಹಲದಿಂದ ನೋಡಿದರು.

ಆ ಶಿಕ್ಷಕಿಯ ಹೆಸರು ಸೂಸನ್ ಐಸಾಕ್ಸ್. ಶಾಲೆಯ ಹೆಸರು ಮಾಲ್ಟಿಂಗ್ ಹೌಸ್. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತ ನನ್ನ ಕೆಲಸದ ಜೀವನ ಕಳೆಯಿತು. ಈ ಮೊಲದ ಕಥೆಯನ್ನು ನಾನು ಪ್ರತಿ ತಂಡಕ್ಕೂ ಹೇಳಿದ್ದೇನೆ. ಸಣ್ಣ ಮಕ್ಕಳು ಹೇಗೆ ಯೋಚಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಆ ಶಾಲೆಯ ಕಥೆಯೂ ಕನ್ನಡದಲ್ಲಿ ಹೇಳಬೇಕಾದದ್ದೇ.

ಶಾಲೆ ಸ್ಥಾಪಿಸಿದವರು ಜೆಫ್ರಿ ಪೈಕ್. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ರೂಲೆಬೆನ್ ಶಿಬಿರದಲ್ಲಿ ಸೆರೆಯಾಗಿ, 1915ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದ ಮನುಷ್ಯ. 1921ರಲ್ಲಿ ಮಗ ಹುಟ್ಟಿದ. ತಾನು ಶಾಲೆಯಲ್ಲಿ ಪಟ್ಟ ಪಾಡು ಮಗನಿಗೆ ಬರಕೂಡದು ಎಂಬುದು ಪೈಕ್‌ನ ಹಟ. ಲೋಹದ ಸಟ್ಟಾ ವ್ಯಾಪಾರದಿಂದ ಕೈಯಲ್ಲಿ ಹಣವಿತ್ತು. ಸಣ್ಣ ಮಕ್ಕಳ ಗುಂಪೊಂದರ ಶಿಕ್ಷಣವನ್ನೇ ವೈಜ್ಞಾನಿಕ ಸಂಶೋಧನೆಯಾಗಿ ನಡೆಸಬಲ್ಲ ಪದವೀಧರೆ ಬೇಕೆಂದು 1924ರಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಆ ಕೆಲಸಕ್ಕೆ ಬಂದವರು ಸೂಸನ್. 1885ರಲ್ಲಿ ಲ್ಯಾಂಕಶೈರ್‌ನಲ್ಲಿ ಹುಟ್ಟಿದವರು. ಆರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡಿದ್ದರು. ದೇವರಲ್ಲಿ ನಂಬಿಕೆಯಿಲ್ಲ ಎಂದದ್ದಕ್ಕೆ ತಂದೆ ಶಾಲೆ ಬಿಡಿಸಿದ್ದರು. ಓದಿನ ದಾರಿಯನ್ನು ಆಮೇಲೆ ತಾವೇ ಹುಡುಕಿಕೊಂಡರು. ಪ್ರಶ್ನೆ ಕೇಳಿದ್ದಕ್ಕೆ ಶಿಕ್ಷೆ ಉಂಡವರು ಮಕ್ಕಳ ಪ್ರಶ್ನೆಗೆ ಇಷ್ಟು ಮರ್ಯಾದೆ ಕೊಟ್ಟರು ಎಂಬುದು ನನ್ನ ಮನಸ್ಸಿಗೆ ತಟ್ಟುವ ಸಂಗತಿ.

1924ರ ಅಕ್ಟೋಬರ್‌ನಲ್ಲಿ ಹತ್ತು ಗಂಡುಮಕ್ಕಳೊಂದಿಗೆ ಶಾಲೆ ತೆರೆಯಿತು. ಎಲ್ಲರಿಗಿಂತ ಚಿಕ್ಕವನಿಗೆ ಎರಡು ವರ್ಷ ಎಂಟು ತಿಂಗಳು, ದೊಡ್ಡವನಿಗೆ ಐದು ತುಂಬಲು ಎರಡು ತಿಂಗಳು ಬಾಕಿ. ಹೆಣ್ಣುಮಕ್ಕಳು ಆಮೇಲೆ ಬಂದರು. ತೋಟದಲ್ಲಿ ಮರಳಿನ ಗುಂಡಿ, ಹತ್ತುವ ಚೌಕಟ್ಟು, ತೂಕದ ಬಿಲ್ಲೆಗಳನ್ನು ತೂಗುಹಾಕಬಹುದಾದ ಏತದ ಹಲಗೆ, ಮಕ್ಕಳೇ ಬೀಜ ಬಿತ್ತುವ ಮಡಿಗಳು. ಒಳಗೆ ಗರಗಸ, ಸುತ್ತಿಗೆ, ನಿಜವಾದ ಬೆಂಕಿಯ ಬರ್ನರ್. ಮೊಲ, ಇಲಿ, ಕೋಳಿ, ರೇಷ್ಮೆಹುಳು, ಹಾವು ಕೂಡ. ಕೇಳಿದ ಪ್ರಶ್ನೆಗೆ ಸಾಧ್ಯವಾದ ಕಡೆಯೆಲ್ಲ ನೇರ ಉತ್ತರ ಕೊಡದೆ, ಮಗುವಿನ ಜೊತೆ ಸೇರಿ ಹುಡುಕುವುದು ಅಲ್ಲಿನ ಕ್ರಮ. ಅದರ ಜೊತೆಗೆ ಇನ್ನೊಂದು ಕ್ರಮವಿತ್ತು, ಎಲ್ಲಕ್ಕಿಂತ ಬೆಲೆಯುಳ್ಳದ್ದು: ಮಕ್ಕಳು ಏನು ಮಾಡಿದರು, ಏನು ಆಡಿದರು ಎಂಬುದನ್ನು ಆಡಿದ ಮಾತಿನಲ್ಲೇ, ತಾರೀಖು ಹಾಕಿ, ಆಗಿಂದಾಗ ಬರೆದಿಡುವುದು.

ಈ ಬರವಣಿಗೆಯ ಬಲ 1927ರ ಮಾರ್ಚ್‌ನಲ್ಲಿ ಗೊತ್ತಾಯಿತು. ಮಕ್ಕಳ ಆಲೋಚನೆಯ ಬಗ್ಗೆ ಆಗಲೇ ಹೆಸರು ಮಾಡಿದ್ದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಶಾಲೆ ನೋಡಲು ಬಂದರು. ಸೈಕಲ್ ಹೇಗೆ ಓಡುತ್ತದೆ ಎಂಬ ಕಾರ್ಯಕಾರಣ ಮಕ್ಕಳಿಗೆ ಪೂರ್ತಿ ತಿಳಿಯುವುದು ಎಂಟು ವರ್ಷದ ಸುಮಾರಿಗೆ ಎಂದು ಅವರು ಸೂಸನ್‌ಗೆ ಹೇಳುತ್ತಿದ್ದರು. ಅದೇ ಹೊತ್ತಿಗೆ ತೋಟದಲ್ಲಿ ಆರು ತುಂಬದ ಒಬ್ಬ ಹುಡುಗ ಮೂರು ಗಾಲಿಯ ಸೈಕಲ್ ಮೇಲೆ ಕೂತು ಪೆಡಲನ್ನು ಹಿಂದಕ್ಕೆ ತುಳಿಯುತ್ತಿದ್ದ. ಮುಂದೆ ಹೋಗುತ್ತಿಲ್ಲವಲ್ಲ ಎಂದರು ಸೂಸನ್. ಹಿಂದಕ್ಕೆ ತುಳಿದರೆ ಹೇಗೆ ಹೋಗುತ್ತದೆ ಎಂದ ಹುಡುಗ. ಹಾಗಾದರೆ ಮುಂದೆ ಹೋಗುವುದು ಹೇಗೆ ಎಂದು ಕೇಳಿದ್ದಕ್ಕೆ ಕಾಲಿನಿಂದ ಪೆಡಲಿಗೆ, ಅಲ್ಲಿಂದ ಹಲ್ಲುಚಕ್ರಕ್ಕೆ, ಚೈನಿಗೆ, ಗಾಲಿಗೆ ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸಿದ, ಇದೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ.

ಇದರಿಂದ ಪಿಯಾಜೆ ಸೋತರು ಎಂದು ನಾನು ಹೇಳುವುದಿಲ್ಲ. ಮಗುವಿನ ತಪ್ಪು ಉತ್ತರಕ್ಕೂ ಅದರದೇ ತರ್ಕವಿದೆ ಎಂದು ಲೋಕಕ್ಕೆ ಕಲಿಸಿದವರು ಅವರು. ಆದರೆ ಅವರು ಹೆಚ್ಚಾಗಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಸೂಸನ್ ಕಂಡದ್ದು ಕೈತುಂಬ ಕೆಲಸವಿರುವ, ಜೊತೆಗಾರರೊಡನೆ ವಾದಿಸುತ್ತಿರುವ ಮಗುವನ್ನು. ತನಗೆ ಬಳಕೆಯಿರುವ ವಸ್ತುವಿನ ವಿಷಯದಲ್ಲಿ, ತನಗೇ ತಿಳಿಯಬೇಕೆನಿಸಿದಾಗ, ನಾಲ್ಕು ವರ್ಷದ ಮಗುವೂ ಕಾರಣ ಹುಡುಕುತ್ತದೆ. ಬಳಕೆಯಿಲ್ಲದ ಕಡೆ ಮತ್ತೆ ಕಲ್ಪನೆಗೆ ಜಾರುತ್ತದೆ. ಮುಗಿಲಿಗೆ ಹೋದ ಮೊಲ ಮತ್ತು ಸೈಕಲ್ಲಿನ ಚೈನು ಒಂದೇ ವಯಸ್ಸಿನ ತಲೆಗಳಲ್ಲಿ ಒಟ್ಟಿಗೆ ಇರಬಲ್ಲವು.

ಜೊತೆಗೂಡಿ ಆಡುವ ಬಗೆಯನ್ನೂ ಸೂಸನ್ ಬಣ್ಣ ಹಚ್ಚದೆ ಬರೆದರು. ಆ ಮಕ್ಕಳು ಉಗುಳುತ್ತಿದ್ದರು, ಹೊಡೆದಾಡುತ್ತಿದ್ದರು, ಹೊಸದಾಗಿ ಬಂದವನನ್ನು ಗುಂಪಾಗಿ ಕಾಡುತ್ತಿದ್ದರು. ಇಬ್ಬರು ಗೆಳೆಯರಾಗುವುದು ಎಷ್ಟೋ ಸಲ ಮೂರನೆಯವನನ್ನು ಹೊರಗಿಡುವುದಕ್ಕೆ. ಈ ಹಗೆತನ ಕರಗುವುದು ಉಪದೇಶದಿಂದಲ್ಲ, ಇಬ್ಬರಿಗೂ ಬೇಕಾದ ಒಂದು ಕೆಲಸ ಅಥವಾ ನಟನೆಯ ಆಟ ನಡುವೆ ಬಂದಾಗ ಎಂಬುದನ್ನು ಅವರು ಮತ್ತೆ ಮತ್ತೆ ಕಂಡರು. ದೊಡ್ಡವರು ಯಾವುದನ್ನೂ ತಡೆಯದಿದ್ದರೆ ಮಕ್ಕಳಿಗೆ ತಮ್ಮ ಸಿಟ್ಟೇ ಭಯ ಹುಟ್ಟಿಸುತ್ತದೆ ಎಂಬುದನ್ನೂ ಬರೆದರು. ಪೂರ್ಣ ಸ್ವಾತಂತ್ರ್ಯದ ಶಾಲೆ ಎಂದು ಹೆಸರಾದ ಕಡೆಯಿಂದಲೇ ಈ ಮಾತು ಬಂದದ್ದರಿಂದ ಅದಕ್ಕೆ ಹೆಚ್ಚು ತೂಕ.

ಅದೇ ಕಾಲದಲ್ಲಿ, 1926ರ ಅಕ್ಟೋಬರ್‌ನಿಂದ 1927ರ ಜೂನ್‌ವರೆಗೆ, ಅಮೆರಿಕದ ಮಿನೆಸೋಟದಲ್ಲಿ ಮಿಲ್ಡ್ರೆಡ್ ಪಾರ್ಟೆನ್ ಒಂದೊಂದು ಮಗುವನ್ನು ಒಂದೊಂದು ನಿಮಿಷ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಒಂಟಿಯಾಗಿ ಆಡುವುದು, ನಿಂತು ನೋಡುವುದು, ಪಕ್ಕದಲ್ಲಿ ಕೂತು ಬೇರೆಬೇರೆಯಾಗಿ ಆಡುವುದು, ಕೊಟ್ಟು ತಗೊಂಡು ಆಡುವುದು, ಒಂದೇ ಗುರಿಗೆ ಕೂಡಿ ಆಡುವುದು ಎಂಬ ಅವರ ವಿಂಗಡಣೆ 1932ರಲ್ಲಿ ಅಚ್ಚಾಯಿತು. ಇಂದಿಗೂ ತರಬೇತಿಯ ಪುಸ್ತಕಗಳಲ್ಲಿ ಅದಿದೆ. ಪಾರ್ಟೆನ್ ಎಣಿಸಿದರು, ಸೂಸನ್ ಕಥೆಯಾಗಿ ಬರೆದರು. ನಮಗೆ ಎರಡೂ ಬೇಕು.

ಮಾಲ್ಟಿಂಗ್ ಹೌಸ್ ಬಹುಕಾಲ ಬಾಳಲಿಲ್ಲ. 1927ರಲ್ಲಿ ಪೈಕ್‌ನ ವ್ಯಾಪಾರ ಮುಳುಗಿತು. ಆ ವರ್ಷದ ಕೊನೆಗೆ ಸೂಸನ್ ಶಾಲೆ ಬಿಟ್ಟರು. 1929ರಲ್ಲಿ ಬಾಗಿಲು ಮುಚ್ಚಿತು. ಉಳಿದದ್ದು ಟಿಪ್ಪಣಿಗಳು. ಅವುಗಳಿಂದ 1930ರಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆಯ ಮೇಲೆ ಒಂದು, 1933ರಲ್ಲಿ ಒಡನಾಟದ ಬೆಳವಣಿಗೆಯ ಮೇಲೆ ಒಂದು, ಎರಡು ದೊಡ್ಡ ಪುಸ್ತಕಗಳು ಬಂದವು. 1933ರಲ್ಲೇ ಲಂಡನ್ನಿನಲ್ಲಿ ಶಿಶು ವಿಕಾಸದ ಹೊಸ ವಿಭಾಗಕ್ಕೆ ಅವರು ಮುಖ್ಯಸ್ಥರಾದರು. 1948ರಲ್ಲಿ ತೀರಿಕೊಂಡರು.

ಕೇಂಬ್ರಿಜ್‌ನ ಮಕ್ಕಳು ಪ್ರಾಧ್ಯಾಪಕರ ಮನೆಯವರು, ಅನುಕೂಲವಂತರು, ಅವರ ಮಾತು ನಮ್ಮ ಮಕ್ಕಳಿಗೆ ಹೇಗೆ ಹೊಂದೀತು ಎಂದು ಕಾರ್ಯಕರ್ತೆಯರು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ನಮ್ಮ ಅಂಗನವಾಡಿಯ ವಂಶವೇ ಬೇರೆ. 1920ರಲ್ಲಿ ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಹೋಗಿ, ಶಾಲೆಗೆ ಬಾರದ ಬಡ ಮಕ್ಕಳ ಅಂಗಳಕ್ಕೇ ಶಿಕ್ಷಣವನ್ನು ಒಯ್ದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಆದರೂ ಕಾರ್ಯಕರ್ತೆಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರದೇ ನೋಟುಬುಕ್ಕುಗಳಲ್ಲಿ. ತರಬೇತಿಯಲ್ಲಿ ನಾನು ಒಂದು ಅಭ್ಯಾಸ ಕೊಡುತ್ತಿದ್ದೆ: ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ, ‘ಹಟಮಾರಿ’, ‘ಜಾಣೆ’ ಎಂಬ ಮಾತು ಬಳಸದೆ, ಕಂಡದ್ದನ್ನು, ಕೇಳಿದ್ದನ್ನು ಅಷ್ಟೇ ಬರೆಯಿರಿ. ಕಲಘಟಗಿ ಕಡೆಯ ಒಬ್ಬ ಕಾರ್ಯಕರ್ತೆ ಬರೆದು ತಂದ ಪುಟ ಹೀಗಿತ್ತು. ಬೇಯಿಸುವ ಮೊದಲು ಸಹಾಯಕಿ ಮೊಟ್ಟೆಗಳನ್ನು ಬಕೆಟ್ಟಿನ ನೀರಿಗೆ ಬಿಟ್ಟಿದ್ದಾಳೆ. ಒಂದು ಮೊಟ್ಟೆ ತೇಲಿದೆ.

“ಅಕ್ಕೋರ, ಈ ತತ್ತಿಗೆ ಈಜಾಕ ಬರತೈತಿ,” ಎಂದಿದ್ದಾನೆ ಒಬ್ಬ.

“ಅದು ಕೆಟ್ಟೈತಿ, ನಮ್ಮವ್ವ ಒಗಿತಾಳ,” ಎಂದಿದ್ದಾಳೆ ಪಕ್ಕದವಳು.

“ಒಳಗ ಏನೂ ಇಲ್ಲ, ಅದಕ್ಕ ಮ್ಯಾಲ ಬಂದೈತಿ. ಒಡದು ನೋಡೂಣು,” ಎಂದಿದ್ದಾನೆ ಮೂರನೆಯವ.

ಕಾರ್ಯಕರ್ತೆ ಹೊರಗೆ ಒಯ್ದು ಒಡೆದು ತೋರಿಸಿದ್ದಾರೆ. ಮೂಗು ಮುಚ್ಚಿಕೊಂಡೇ ಎಲ್ಲರೂ ಬಗ್ಗಿ ನೋಡಿದ್ದಾರೆ. ಕೊನೆಗೆ ಅವರು ಒಂದು ಸಾಲು ಸೇರಿಸಿದ್ದರು: ಮೂರನೆಯ ಹುಡುಗ ಅಂಗನವಾಡಿಗೆ ಸೇರಿದ ಮೇಲೆ ಇಷ್ಟು ಮಾತಾಡಿದ್ದು ಇದೇ ಮೊದಲು.

ಆ ಸಾಲು ತೂಕದ ಪಟ್ಟಿಯಲ್ಲಿ ಬರುವಂಥದ್ದಲ್ಲ, ಹಾಜರಿಯಲ್ಲಿ ಬರುವಂಥದ್ದಲ್ಲ. ನಮ್ಮ ಕಾರ್ಯಕರ್ತೆಯರು ಮಗುವಿನ ತೂಕ, ಎತ್ತರ, ಚುಚ್ಚುಮದ್ದು, ಊಟ ಎಲ್ಲವನ್ನೂ ದಾಖಲಿಸುತ್ತಾರೆ. ಅದು ಜೀವ ಉಳಿಸುವ ಲೆಕ್ಕ, ಅದು ಬೇಕೇ ಬೇಕು. ಆದರೆ ಮಗು ಏನು ಕೇಳಿತು ಎಂದು ಬರೆಯಲು ಅವರಿಗೆ ಹೊತ್ತನ್ನೂ ಕೊಡಬೇಕು, ಬರೆದದ್ದನ್ನು ಓದುವವರನ್ನೂ ಕೊಡಬೇಕು. ಮೇಲ್ವಿಚಾರಕಿ ಬಂದಾಗ ಮೊದಲು ಆ ಪುಟ ತೆಗೆಸಿ ಓದಲಿ. ಪೈಕ್‌ನ ಹಣದಿಂದ ಬಂದದ್ದೆಲ್ಲ ಐದು ವರ್ಷದೊಳಗೆ ಕುಸಿಯಿತು, ನೂರು ವರ್ಷ ಉಳಿದದ್ದು ಬರೆದಿಟ್ಟ ಮಾತು. ಅದಕ್ಕೆ ಬೇಕಾದದ್ದು ಒಂದು ನೋಟುಬುಕ್ಕು, ಮತ್ತು ಈ ಮಗು ಯೋಚಿಸುತ್ತಿದೆ ಎಂದು ನಂಬುವ ಒಬ್ಬ ದೊಡ್ಡವರು.